ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ದಾವಣಗೆರೆಯಿಂದ ಕನ್ಯಾಕುಮಾರಿಗೆ: ಹೊರಡುವ ಮುಂಚಿನ ತಯಾರಿ

20 ವರ್ಷ ದಾಟಿದ ಕಾರು ತೆಗೆದುಕೊಂಡು ಕನ್ಯಾಕುಮಾರಿಗೆ ಹೊರಡುತ್ತೇನೆ ಅಂದರೆ ಮನೆಯವರು ಮೊದಲು ಕೇಳುವುದು ಒಂದೇ ಮಾತು: "ದಾರೀಲಿ ನಿಂತರೆ ಏನ್ ಮಾಡ್ತೀಯಾ?" ಕೇಳುವುದರಲ್ಲಿ ತಪ್ಪಿಲ್ಲ. ಅದಕ್ಕೆ ಉತ್ತರವೂ ಇದೆ. ಆದರೆ ಆ ಉತ್ತರ ಸಿದ್ಧವಾಗಲು ಎರಡು ತಿಂಗಳು ಬೇಕು.

ಇಲ್ಲಿ ಹೇಳುವುದು 2000ದ ಆಸುಪಾಸಿನ ಕಾರುಗಳಿಗೆ ಚೆನ್ನಾಗಿ ಹೊಂದುತ್ತದೆ. ಹೋಂಡಾ ಸಿಟಿ ವಿಟೆಕ್, ಫಿಯೆಟ್ ಪಾಲಿಯೋ 1.6, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್. ನನ್ನ ಬಳಿ ಇರುವುದು ಸಿಟಿ ವಿಟೆಕ್. ಹಾಗಾಗಿ ಉದಾಹರಣೆಗಳು ಅದರ ಕಡೆಗೆ ಸ್ವಲ್ಪ ಜಾಸ್ತಿ ವಾಲುತ್ತವೆ. ಕೆಲಸದ ಕ್ರಮ ಮಾತ್ರ ಎಲ್ಲದಕ್ಕೂ ಒಂದೇ.

ದಾರಿ 900 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗ, ಹಿರಿಯೂರು, ತುಮಕೂರು ದಾಟಿ ಬೆಂಗಳೂರು. ಅಲ್ಲಿಂದ ಹೆದ್ದಾರಿ 44 ಹಿಡಿದು ಹೊಸೂರು, ಕೃಷ್ಣಗಿರಿ, ಸೇಲಂ, ಮಧುರೈ, ಕನ್ಯಾಕುಮಾರಿ. ಈ ಕಾರುಗಳ ಇಂಜಿನ್‌ಗೆ ಇಂಥ ದಾರಿ ಕಷ್ಟವೇ ಅಲ್ಲ. ಪಿ.ಬಿ. ರೋಡಿನ ಸಂಜೆ ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಲ್ಲುವುದೇ ಅದಕ್ಕೆ ಜಾಸ್ತಿ ಕಷ್ಟ. ಹಳೇ ಕಾರು ದಾರಿಯಲ್ಲಿ ನಿಂತರೆ ಸಾಮಾನ್ಯವಾಗಿ ಕಾರಣ ಪಿಸ್ಟನ್ನೂ ಅಲ್ಲ, ಗೇರ್‌ಬಾಕ್ಸೂ ಅಲ್ಲ. ಒಂದು ಹೋಸ್, ಒಂದು ಬೆಲ್ಟ್, ಒಂದು ಸೀಲ್, ಒಂದು ರಿಲೇ (ಕರೆಂಟಿನ ಸಣ್ಣ ಸ್ವಿಚ್). ಇವೆಲ್ಲ ಓಡಿದ್ದಕ್ಕಿಂತ ವಯಸ್ಸಿನಿಂದ ಹಾಳಾಗುತ್ತವೆ. ಶೆಡ್ಡಿನಲ್ಲಿ ಸುಮ್ನೆ ನಿಂತಿದ್ದರೂ ರಬ್ಬರ್ ಗಟ್ಟಿಯಾಗುತ್ತದೆ, ಬಿರಿಯುತ್ತದೆ. "ಬರೀ 60 ಸಾವಿರ ಓಡಿದೆ ಸರ್" ಎಂಬ ಮಾತನ್ನು ಪಕ್ಕಕ್ಕಿಡಿ. ಯಾವ ಭಾಗಕ್ಕೆ ಎಷ್ಟು ವರ್ಷ ಆಯಿತು ಅಂತ ಕೇಳಿ. ತಯಾರಿ ಅಂದರೆ ಮುಖ್ಯವಾಗಿ ಇಷ್ಟೇ.

ಎಂಟು ವಾರ ಮುಂಚೆ: ಒಂದು ನೋಟ್‌ಬುಕ್

ಇಷ್ಟು ಬೇಗ ಶುರು ಮಾಡಲು ಎರಡು ಕಾರಣ ಇವೆ. ಮೊದಲನೆಯದು, ಈ ಕಾರುಗಳ ಸಾಮಾನು ದಾವಣಗೆರೆಯ ಅಂಗಡಿಗಳಲ್ಲಿ ಕೇಳಿದ ದಿನವೇ ಸಿಗುವುದಿಲ್ಲ. ಬೆಂಗಳೂರಿನ ಜೆ.ಸಿ. ರೋಡಿನಿಂದ ಬಸ್ ಪಾರ್ಸಲ್‌ನಲ್ಲಿ ಬರಬೇಕು. ಒಮ್ಮೊಮ್ಮೆ ತಪ್ಪು ಸಾಮಾನು ಬರುತ್ತದೆ, ವಾಪಸ್ ಕಳಿಸಬೇಕು. ಎರಡನೆಯದು ಇನ್ನೂ ಮುಖ್ಯ. ಹೊಸದಾಗಿ ಬಿಚ್ಚಿ ಜೋಡಿಸಿದ ಕೆಲಸದಲ್ಲೇ ತೊಂದರೆ ಹುಟ್ಟುವುದುಂಟು. ಕ್ಲಿಪ್ ಸಡಿಲ ಉಳಿದಿರುತ್ತದೆ, ಕೂಲಿಂಗ್‌ನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಅದು ಕಾಣಿಸುವುದು ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ. ದೊಡ್ಡ ಕೆಲಸ ಹೊರಡುವ ಹಿಂದಿನ ವಾರ ಮಾಡಿಸಲೇಬೇಡಿ.

ನೋಟ್‌ಬುಕ್ಕಿನಲ್ಲಿ ಒಂದೊಂದು ಭಾಗದ ಹೆಸರು, ಪಕ್ಕದಲ್ಲಿ ಬದಲಿಸಿದ ವರ್ಷ ಬರೆಯಿರಿ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಹೋಸ್‌ಗಳು, ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ), ಬ್ರೇಕ್ ಆಯಿಲ್, ಟೈರು, ಬ್ಯಾಟರಿ, ಪೆಟ್ರೋಲ್ ಪೈಪು. ಬಿಲ್ ಇಲ್ಲದಿದ್ದರೆ, ಹಿಂದಿನ ಮಾಲೀಕರಿಗೂ ನೆನಪಿಲ್ಲದಿದ್ದರೆ, ಅದನ್ನು ಬದಲಿಸಿಲ್ಲ ಅಂತಲೇ ಬರೆದುಕೊಳ್ಳಿ. ಕೆಲಸದ ಪಟ್ಟಿ ತಾನಾಗೇ ಸಿದ್ಧವಾಗುತ್ತದೆ.

ಟೈಮಿಂಗ್ ಬೆಲ್ಟ್

ಮೇಲೆ ಹೇಳಿದ ಕಾಲದ ಹಲವು ಇಂಜಿನ್‌ಗಳಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ತಿರುಗಿಸಲು ಚೈನ್ ಇಲ್ಲ, ರಬ್ಬರ್ ಬೆಲ್ಟ್ ಇದೆ. ಅದು ತುಂಡಾದರೆ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ಮೇಲೆ ಬಂದು ತೆರೆದಿರುವ ವಾಲ್ವ್‌ಗೆ ಬಡಿಯುತ್ತದೆ. ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಬಿಚ್ಚಲೇಬೇಕು. ಮುಂಚೆ ಯಾವ ಸೂಚನೆಯೂ ಕೊಡುವುದಿಲ್ಲ.

ಬೆಲ್ಟ್ ಒಂದನ್ನೇ ಬದಲಿಸಿ ಬರಬೇಡಿ. ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ಎಲ್ಲ ಒಟ್ಟಿಗೆ ಹಾಕಿಸಿ. ಬಿಚ್ಚುವ ಕೂಲಿ ಒಂದೇ. ಹಳೇ ಸೀಲ್‌ನಿಂದ ಆಯಿಲ್ ಸೋರಿ ಹೊಸ ಬೆಲ್ಟ್ ಮೇಲೆ ಬಿದ್ದರೆ ಅದರ ಆಯಸ್ಸೂ ಅಷ್ಟಕ್ಕಷ್ಟೇ. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಮತ್ತು ಎಸಿ ಬೆಲ್ಟ್ ಕೂಡ ಇದೇ ಹೊತ್ತಿಗೆ. ಕಳಚಿದ ಹಳೇ ಆಲ್ಟರ್ನೇಟರ್ ಬೆಲ್ಟ್ ಬಿರಿದಿಲ್ಲ ಅಂದರೆ ಎಸೆಯಬೇಡಿ, ಡಿಕ್ಕಿಯಲ್ಲಿಡಿ.

ಕೂಲಿಂಗ್: ಜಾಸ್ತಿ ಸಮಯ ಕೊಡಬೇಕಾದ ಜಾಗ

ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು ಎಂಥದ್ದು ಅಂತ ಹೇಳಬೇಕಾಗಿಲ್ಲ. ಆದರೆ ಬಿಸಿಲಿಗಿಂತ ಹೆಚ್ಚು ಹಾನಿ ಮಾಡುವುದು ನೀರು. ದಾವಣಗೆರೆ, ಚಿತ್ರದುರ್ಗದ ಬೋರ್‌ವೆಲ್ ನೀರು ಗಡಸು. ಮನೆಯ ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಪದರ ರೇಡಿಯೇಟರ್ ಒಳಗೂ ಕೂರುತ್ತದೆ. ಹಿಂದಿನ ಮಾಲೀಕರು ವರ್ಷಗಟ್ಟಲೆ ನಲ್ಲಿ ನೀರನ್ನೇ ತುಂಬಿದ್ದರೆ ಒಳಗಿನ ಸಣ್ಣ ಕೊಳವೆಗಳು ಅರ್ಧ ಮುಚ್ಚಿರುತ್ತವೆ. ಊರೊಳಗೆ 40ರ ವೇಗದಲ್ಲಿ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ಎಸಿ ಹಾಕಿ ಗಂಟೆಗಟ್ಟಲೆ 100ರಲ್ಲಿ ಓಡಿಸಿದಾಗ ಹೀಟ್ ಮೀಟರಿನ ಮುಳ್ಳು ಮೇಲೇರುತ್ತದೆ.

ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ನೋಡಿ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ, ಬಾಯಿಯ ಹತ್ತಿರ ಬಿಳಿ ಪುಡಿ ಕೂತಿದ್ದರೆ ರೇಡಿಯೇಟರ್ ಬಿಚ್ಚಿಸಿ. ಅದರ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಹೊಸದಿದ್ದಾಗ ಕಪ್ಪಗಿರುತ್ತದೆ, ವಯಸ್ಸಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದಾಗಿದೆ ಅಂದರೆ ಪ್ಲಾಸ್ಟಿಕ್ ಒಣಗಿದೆ, ಹೋಸ್ ಕೂರುವ ಕುತ್ತಿಗೆಯಲ್ಲಿ ಸೀಳು ಬಿಡುತ್ತದೆ. ಅಂಥ ರೇಡಿಯೇಟರ್‌ಗೆ ಎಂ-ಸೀಲ್ ಹಚ್ಚಿಕೊಂಡು ಮಧುರೈ ತನಕ ಹೋಗುವ ಯೋಚನೆ ಬೇಡ. ಹೊಸದು ಹಾಕಿಸಿ.

ಮೇಲಿನ, ಕೆಳಗಿನ ದಪ್ಪ ಹೋಸ್‌ಗಳನ್ನು ಎಲ್ಲರೂ ನೋಡುತ್ತಾರೆ. ಇಂಜಿನ್ ಹಿಂದೆ ಹೀಟರ್‌ಗೆ ಹೋಗುವ ಸಣ್ಣ ಹೋಸ್‌ಗಳನ್ನು ಯಾರೂ ನೋಡುವುದಿಲ್ಲ. ಟಾರ್ಚ್ ಹಿಡಿದು ಹುಡುಕಿ, ಒಂದೊಂದನ್ನೂ ಬೆರಳಲ್ಲಿ ಒತ್ತಿ. ಒತ್ತಿದಾಗ ಚಟಪಟ ಸದ್ದು ಬಂದರೆ ಒಳಪದರ ಒಡೆದಿದೆ. ಕ್ಲಿಪ್ಪಿನ ಪಕ್ಕ ಊದಿಕೊಂಡಿದ್ದರೆ, ಆಯಿಲ್ ತಗುಲಿ ಮೆತ್ತಗಾಗಿದ್ದರೆ ಅದೂ ಮುಗಿದ ಹಾಗೆ. ಒಂದು ಹೋಸ್ ಹೋಗಿದೆ ಅಂದರೆ ಅದೇ ವಯಸ್ಸಿನ ಉಳಿದವೂ ಸಾಲಿನಲ್ಲಿವೆ. ಎಲ್ಲವನ್ನೂ ಒಮ್ಮೆಲೇ ಬದಲಿಸಿ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಕಾರು ಹೀಟ್ ಆಗುತ್ತೆ ಅಂದ ತಕ್ಷಣ ಕೆಲವು ಮೆಕ್ಯಾನಿಕ್‌ಗಳು "ಥರ್ಮೋಸ್ಟ್ಯಾಟ್ ವಾಲ್ ತೆಗೆದುಬಿಡೋಣ ಸರ್, ಹೀಟೇ ಆಗಲ್ಲ" ಅನ್ನುತ್ತಾರೆ. ಒಪ್ಪಬೇಡಿ. ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವುದು ಥರ್ಮೋಸ್ಟ್ಯಾಟ್. ಅದಿಲ್ಲದಿದ್ದರೆ ಇಂಜಿನ್ ತನ್ನ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಇನ್ನೂ ತಣ್ಣಗಿದೆ ಅಂತ ತಿಳಿದು ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಮೈಲೇಜ್ ಬೀಳುತ್ತದೆ, ಇಂಜಿನ್ ಸವೆಯುತ್ತದೆ. ಹೀಟ್ ಆಗುವ ನಿಜವಾದ ಕಾರಣವೂ ಹಾಗೇ ಉಳಿಯುತ್ತದೆ. ನಿಮ್ಮ ಕಾರಿನದನ್ನು ಯಾರೋ ಹಿಂದೆಯೇ ತೆಗೆದಿರಬಹುದು, ಹೌಸಿಂಗ್ ಬಿಚ್ಚಿ ನೋಡಿ. ಇಲ್ಲದಿದ್ದರೆ ಹೊಸದು ಹಾಕಿಸಿ.

ರೇಡಿಯೇಟರ್ ಕ್ಯಾಪ್ ಕೂಡ ಹೊಸದಿರಲಿ. ಅದು ಬರೀ ಮುಚ್ಚಳ ಅಲ್ಲ, ಒಳಗೆ ಒತ್ತಡ ಹಿಡಿದಿಡುತ್ತದೆ. ಒತ್ತಡ ಇದ್ದಷ್ಟೂ ಕೂಲೆಂಟ್ ಕುದಿಯುವುದು ತಡವಾಗುತ್ತದೆ. ಸ್ಪ್ರಿಂಗ್ ಸೋತ ಕ್ಯಾಪ್‌ನಿಂದ ಕೂಲೆಂಟ್ ಬೇಗ ಕುದಿದು ಪಕ್ಕದ ಬಾಟಲಿಗೆ ಹೋಗುತ್ತದೆ. ಹೊಸ ಕ್ಯಾಪ್ ಮೇಲಿನ ಒತ್ತಡದ ಅಂಕಿ ಕಂಪನಿ ಹೇಳಿದಷ್ಟೇ ಇರಬೇಕು.

ಆಮೇಲೆ ಕೂಲೆಂಟ್. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಕ್ಯಾನ್‌ನಲ್ಲಿ ಸಿಗುತ್ತದೆ. ತುಂಬುವಾಗ ಹೀಟರ್ ಫುಲ್ ಬಿಸಿಗೆ ತಿರುಗಿಸಿಡಿ, ಕ್ಯಾಪ್ ತೆಗೆದೇ ಇಂಜಿನ್ ಓಡಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಮೇಲಿಂದ ಸ್ವಲ್ಪ ಸ್ವಲ್ಪ ಹಾಕುತ್ತಾ ಇರಿ. ಕೊನೆಗೆ ಕ್ಯಾಪ್ ಹಾಕಿ, ಎಸಿ ಆನ್ ಮಾಡಿ, ನಿಂತಲ್ಲೇ 20 ನಿಮಿಷ ಐಡಲ್‌ನಲ್ಲಿ ಬಿಡಿ. ಫ್ಯಾನ್ ತಾನಾಗಿ ತಿರುಗಬೇಕು. ಎಸಿ ಆಫ್ ಮಾಡಿದ ಮೇಲೂ ಇಂಜಿನ್ ಬಿಸಿಗೆ ತಕ್ಕಂತೆ ಶುರುವಾಗಿ ನಿಲ್ಲಬೇಕು.

ರೇಡಿಯೇಟರ್ ಮುಂದಿರುವ ಎಸಿ ಕಂಡೆನ್ಸರ್ ಜಾಲರಿ ಮರೆಯಬೇಡಿ. ಭತ್ತ, ಮೆಕ್ಕೆಜೋಳದ ಸುಗ್ಗಿಯಲ್ಲಿ ಇಲ್ಲಿನ ಗಾಳಿಯೆಲ್ಲ ಹೊಟ್ಟು. ಅದು ಜಾಲರಿಗೂ ರೇಡಿಯೇಟರ್‌ಗೂ ನಡುವೆ ಹೋಗಿ ಕೂರುತ್ತದೆ. ಇಂಜಿನ್ ಕಡೆಯಿಂದ ಹೊರಗೆ ಬರುವಂತೆ ಕಡಿಮೆ ಒತ್ತಡದ ನೀರು ಬಿಡಿ. ವಾಷಿಂಗ್ ಸೆಂಟರ್‌ನ ಗನ್ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಪೆಟ್ರೋಲ್ ಪೈಪು

ಈಗ ಬಂಕ್‌ನಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ 20 ಶೇಕಡಾ ತನಕ ಎಥನಾಲ್ ಇರುತ್ತದೆ. 2000ದ ಕಾರುಗಳ ರಬ್ಬರ್ ಅದಕ್ಕೆಂದು ತಯಾರಾದದ್ದಲ್ಲ. ಟ್ಯಾಂಕಿನಿಂದ ಇಂಜಿನ್ ತನಕ ಎಲ್ಲೆಲ್ಲಿ ರಬ್ಬರ್ ಪೈಪ್ ಇದೆಯೋ ಅಲ್ಲೆಲ್ಲ ಎಥನಾಲ್ ತಡೆಯುವ, ಫ್ಯುಯೆಲ್ ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ ಹೋಸ್ ಹಾಕಿಸಿ. ಕಾರ್ಬುರೇಟರ್‌ಗೆ ಬಳಸುವ ಮಾಮೂಲಿ ಪೈಪ್ ಈ ಒತ್ತಡ ತಡೆಯುವುದಿಲ್ಲ. ಇಲ್ಲಿ ದುಡ್ಡು ಉಳಿಸುವುದು ಬೇಡ, ಯಾಕೆಂದರೆ ಸೋರಿದ ಪೆಟ್ರೋಲ್ ಬೀಳುವುದು ಬಿಸಿ ಇಂಜಿನ್ ಮೇಲೆ. ಫ್ಯುಯೆಲ್ ಫಿಲ್ಟರ್ ಕೂಡ ಹೊಸದಿರಲಿ. ತುಂಬಾ ದಿನ ನಿಂತ ಕಾರಾದರೆ ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಿ.

ಬ್ರೇಕು

ಈ ದಾರಿಯಲ್ಲಿ ಬ್ರೇಕಿಗೆ ನಿಜವಾದ ಪರೀಕ್ಷೆ ಧರ್ಮಪುರಿ ಮತ್ತು ಸೇಲಂ ನಡುವಿನ ತೊಪ್ಪೂರು ಘಾಟ್. ಸೇಲಂ ಕಡೆಗೆ ಹೋಗುವಾಗ ಉದ್ದದ ಇಳಿಜಾರು, ತುಂಬಾ ಲಾರಿ, ಅಪಘಾತಕ್ಕೆ ಹೆಸರಾದ ಜಾಗ. ಅಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು. ಮೂರನೇ ಗೇರ್‌ನಲ್ಲಿ ಇಂಜಿನ್ ಹಿಡಿತದಲ್ಲಿ ಇಳಿಯಿರಿ, ಬೇಕಾದಾಗ ಮಾತ್ರ ಒತ್ತಿ ಬಿಡಿ.

ಬ್ರೇಕ್ ಆಯಿಲ್ ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ತನಕ ಕುದಿಯುವುದಿಲ್ಲ. ತೇವ ಸೇರಿದ ಮೇಲೆ ಅದು 155ರ ಹತ್ತಿರಕ್ಕೆ ಇಳಿಯಬಹುದು. ಇಳಿಜಾರಿನಲ್ಲಿ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷ ಆಗಿದ್ದರೆ ಪೂರ್ತಿ ಬದಲಿಸಿ, ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿ (ಹಳೇ ಆಯಿಲ್, ಗಾಳಿ ಹೊರತೆಗೆಸಿ). ಮೇಲಿನ ಡಬ್ಬಿಗೆ ಟಾಪ್ ಅಪ್ ಮಾಡಿದರೆ ಅದು ಬದಲಿಸಿದ ಹಾಗಲ್ಲ.

ಚಕ್ರದ ಹಿಂದಿನ ರಬ್ಬರ್ ಬ್ರೇಕ್ ಹೋಸನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಬಿರುಕು ಕಂಡರೆ ಬದಲಿಸಿ. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ ಬಿಚ್ಚಿ, ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿಸಿ. ಕ್ಯಾಲಿಪರ್ ಹಿಡಿದುಕೊಳ್ಳುತ್ತಿದೆಯಾ ಅಂತ ತಿಳಿಯಲು ಸುಲಭ ದಾರಿ ಇದೆ. ಹರಿಹರಕ್ಕೆ ಹೋಗಿ ಬನ್ನಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ. ಮುಂದಿನ ಎರಡರಲ್ಲಿ ಒಂದು ಮಾತ್ರ ಸುಡುವಷ್ಟು ಬಿಸಿ ಇದ್ದರೆ ಅಲ್ಲಿ ಕೆಲಸ ಬಾಕಿ ಇದೆ.

ಟೈರು

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಮೇಲಿನ ಗ್ರಿಪ್ ಎಷ್ಟೇ ಚೆನ್ನಾಗಿರಲಿ, ಆರು ವರ್ಷ ದಾಟಿದ ಟೈರಿನಲ್ಲಿ ನಾನು ಹೆದ್ದಾರಿಗೆ ಹೋಗುವುದಿಲ್ಲ. ಊರೊಳಗೆ ಓಡಿಸುವುದೇ ಬೇರೆ, ಬಿಸಿಲಿಗೆ ಕಾದ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸುವುದೇ ಬೇರೆ.

ಈಗ ಡಿಕ್ಕಿ ತೆಗೆದು ಸ್ಟೆಪ್ನಿಯ ಅಂಕಿ ನೋಡಿ. ಹಳೇ ಕಾರುಗಳಲ್ಲಿ ಅದು ಶೋರೂಮಿನಿಂದ ಬಂದದ್ದೇ ಇರುವುದುಂಟು. ಹೊಸದರ ಹಾಗೇ ಕಾಣುತ್ತದೆ, ಆದರೆ ಅದರ ಮೇಲೆ 50 ಕಿಲೋಮೀಟರ್ ಹೋಗುವುದೂ ಕಷ್ಟ. ನಾಲ್ಕಲ್ಲ, ಐದು ಟೈರಿಗೆ ಬಜೆಟ್ ಇಟ್ಟುಕೊಳ್ಳಿ, ಜೊತೆಗೆ ಹೊಸ ವಾಲ್ವ್. ಅಲಾಯ್ ಚಕ್ರ ಹಳೆಯದಾದರೆ ಟೈರ್ ಕಳಚಿದಾಗ ಒಳಗಿನ ಅಂಚಿನಲ್ಲಿ ಬಿರುಕು ಇದೆಯಾ ನೋಡಲು ಹೇಳಿ.

ಜ್ಯಾಕ್ ಇಟ್ಟು ಒಂದು ಚಕ್ರವನ್ನು ನೀವೇ ಬಿಚ್ಚಿ ಹಾಕಿ. ಏರ್‌ಗನ್ನಿನಲ್ಲಿ ಬಿಗಿದ ನಟ್ಟು ಕಾರಿನ ಜೊತೆ ಬರುವ ಸ್ಪ್ಯಾನರ್‌ಗೆ ಬಗ್ಗುವುದೇ ಇಲ್ಲ. ಅದು ಮನೆ ಮುಂದೆಯೇ ಗೊತ್ತಾಗಲಿ.

ಕಾರಿನ ಕೆಳಗೆ

ಲಿಫ್ಟ್ ಮೇಲೆ ಹತ್ತಿಸಿ ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಆಕ್ಸಲ್ ಬೂಟ್ (ಗ್ರೀಸ್ ಹಿಡಿದಿಡುವ ರಬ್ಬರ್ ಕವಚ) ನೋಡಿಸಿ. ಬೂಟ್ ಹರಿದು ಗ್ರೀಸ್ ಚೆಲ್ಲಿದ್ದರೆ ತಡ ಮಾಡಬೇಡಿ. ಎಲ್ಲ ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್, ಮುಂಚೆ ಅಲ್ಲ.

ನಮ್ಮ ಸೀಮೆಗೆ ಬೇಕಾದ ಒಂದು ಎಚ್ಚರಿಕೆ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳಲ್ಲಿ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಂಡು ಬಿಸಿ ಸೈಲೆನ್ಸರ್ ಪೈಪಿಗೆ ತಗುಲಿದರೆ ಬೆಂಕಿ ಹತ್ತುತ್ತದೆ. ಸಾಧ್ಯವಾದರೆ ಬೇರೆ ದಾರಿ ಹಿಡಿಯಿರಿ. ಹಾಯಲೇಬೇಕಾದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕಡ್ಡಿಯಿಂದ ಎಳೆದು ತೆಗೆಯಿರಿ. ಒಂದು ಕಿಲೋದ ಬೆಂಕಿ ನಂದಿಸುವ ಸಿಲಿಂಡರ್ ಸೀಟಿನ ಹತ್ತಿರ, ಕೈಗೆ ಸಿಗುವಂತೆ ಬಿಗಿದಿರಲಿ.

ಕರೆಂಟಿನ ಕೆಲಸ

ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಇಂಜಿನ್ ಓಡುವಾಗ 13.8ರಿಂದ 14.4. ಹೆಡ್‌ಲೈಟ್, ಎಸಿ, ಫ್ಯಾನ್ ಎಲ್ಲ ಹಾಕಿದಾಗ 13ಕ್ಕಿಂತ ಕೆಳಗೆ ಬಿದ್ದರೆ ಆಲ್ಟರ್ನೇಟರ್ ತೋರಿಸಿ. ಬ್ಯಾಟರಿಯಿಂದ ಬಾಡಿಯ ಲೋಹಕ್ಕೆ, ಬಾಡಿಯಿಂದ ಇಂಜಿನ್‌ಗೆ ಹೋಗುವ ಅರ್ಥಿಂಗ್ ವೈರ್ ಬಿಚ್ಚಿ, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಮತ್ತೆ ಬಿಗಿಯಿರಿ. ಇದಕ್ಕೆ ಖರ್ಚೇ ಇಲ್ಲ, ಎಷ್ಟೋ ವಿಚಿತ್ರ ತೊಂದರೆಗಳು ಇಷ್ಟರಲ್ಲೇ ಹೋಗುತ್ತವೆ.

ಆ ಕಾಲದ ಹೋಂಡಾಗಳಲ್ಲಿ ಮೇನ್ ರಿಲೇ ಎಂಬ ಸಣ್ಣ ಡಬ್ಬಿ ಇದೆ. ಡ್ಯಾಶ್‌ಬೋರ್ಡ್ ಕೆಳಗೆ ಇರುತ್ತದೆ. ಇಸಿಎಂಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡುವುದು ಅದೇ. ವರ್ಷಗಟ್ಟಲೆ ಕಾದು ತಣ್ಣಗಾಗಿ ಒಳಗಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬೀಳುತ್ತದೆ. ಲಕ್ಷಣ ಸ್ಪಷ್ಟ. ಬಿಸಿಲಲ್ಲಿ ನಿಲ್ಲಿಸಿ ಊಟ ಮುಗಿಸಿ ಬರುತ್ತೀರಿ, ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹತ್ತುವುದಿಲ್ಲ. ಕಿಟಕಿ ತೆರೆದು ಒಳಗೆ ತಣ್ಣಗಾದ ಮೇಲೆ ಹತ್ತುತ್ತದೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಬೇಕು. ಅದು ಕೇಳದಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಈ ರಿಲೇಯನ್ನು. ಡಬ್ಬಿ ಬಿಚ್ಚಿ, ಒಳ್ಳೇ ಬೆಳಕಿನಲ್ಲಿ ಭೂತಗನ್ನಡಿ ಹಿಡಿದರೆ ಪಿನ್ನಿನ ಸುತ್ತ ಉಂಗುರದಂಥ ಬಿರುಕು ಕಾಣುತ್ತದೆ. ಟಿವಿ ರಿಪೇರಿ ಮಾಡುವವರು ಹತ್ತು ನಿಮಿಷದಲ್ಲಿ ಹೊಸ ಬೆಸುಗೆ ಹಾಕಿಕೊಡುತ್ತಾರೆ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಇಗ್ನೈಟರ್ (ಕಿಡಿ ಹುಟ್ಟಿಸುವ ಸಣ್ಣ ಭಾಗ) ಕೂಡ ಇದೇ ವಯಸ್ಸಿನದು. ಒಂದು ಸ್ಪೇರ್ ಜೊತೆಗಿರಲಿ. ಬೇರೆ ಕಾರು ಇದ್ದವರು ತಮ್ಮ ಮಾಡೆಲ್‌ನಲ್ಲಿ ಪದೇ ಪದೇ ಹೋಗುವ ಸಣ್ಣ ಸಾಮಾನು ಯಾವುದು ಅಂತ ಅದೇ ಕಾರು ಇಟ್ಟುಕೊಂಡವರನ್ನು ಕೇಳಿ ತಿಳಿಯಿರಿ.

ಎರಡು ವಾರ ಮುಂಚೆ: ಪರೀಕ್ಷೆ ಓಟ

ಮೊದಲು ಕೊಂಡಜ್ಜಿ ತನಕ ಹೋಗಿ ಬನ್ನಿ. ಕಾರು ತಣ್ಣಗಾದ ಮೇಲೆ ಆಯಿಲ್, ಕೂಲೆಂಟ್ ಮಟ್ಟ ನೋಡಿ, ನಿಲ್ಲಿಸಿದ ಜಾಗದಲ್ಲಿ ರಟ್ಟು ಹಾಸಿ ಹನಿ ಬಿದ್ದಿದೆಯಾ ನೋಡಿ. ಆಮೇಲೆ ದೊಡ್ಡ ಓಟ: ಚಿತ್ರದುರ್ಗ, ಹಿರಿಯೂರು, ವಾಣಿ ವಿಲಾಸ ಸಾಗರ, ವಾಪಸ್. ಬೆಳಗಿನ ತಂಪಿನಲ್ಲಿ ಬೇಡ, ಮಧ್ಯಾಹ್ನ ಹೊರಡಿ. ನಾಲ್ಕು ಜನ ಅಥವಾ ಅಷ್ಟೇ ತೂಕದ ಲಗೇಜ್ ಇರಲಿ, ಎಸಿ ಹಾಕಿರಲಿ. ಆಷಾಢವಾದರೆ ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಅಡ್ಡಗಾಳಿ ಜೋರು. ಹಗುರ ಕಾರು ಪಕ್ಕಕ್ಕೆ ಸರಿಯುತ್ತದೆ, ಲಾರಿ ದಾಟುವಾಗ ಎರಡೂ ಕೈ ಸ್ಟೀರಿಂಗ್ ಮೇಲಿರಲಿ.

ಹೊರಡುವಾಗ ಟ್ಯಾಂಕ್ ಫುಲ್ ಮಾಡಿ, ಬಂದ ಮೇಲೆ ಮತ್ತೆ ಫುಲ್ ಮಾಡಿ. ಮೈಲೇಜ್ ಎಷ್ಟು, ಆಯಿಲ್ ಎಷ್ಟು ಕುಡಿಯಿತು, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಾರಿಯಲ್ಲಿ ಈ ಅಂಕಿ ಬದಲಾದರೆ ಏನೋ ಬದಲಾಗಿದೆ ಅಂತ ತಿಳಿಯುತ್ತದೆ.

ಕಾಗದ ಪತ್ರ

15 ವರ್ಷ ದಾಟಿದ ಕಾರಿಗೆ ಆರ್‌ಸಿ ನವೀಕರಣ ಆಗಿರಲೇಬೇಕು, ಅದು ಐದು ವರ್ಷಕ್ಕೊಮ್ಮೆ. ದಿನಾಂಕ ಹತ್ತಿರ ಇದ್ದರೆ ಆರ್‌ಟಿಒ ಕೆಲಸ ಮುಗಿಸಿಯೇ ಹೊರಡಿ. ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಫಾಸ್ಟ್‌ಟ್ಯಾಗ್‌ನಲ್ಲಿ ದುಡ್ಡು. ಇನ್ಶೂರೆನ್ಸ್‌ನಲ್ಲಿ ರಸ್ತೆ ನೆರವಿನ ಸೌಲಭ್ಯ ಇದೆಯಾ, ಹಳೇ ಕಾರಿಗೂ ತಮಿಳುನಾಡಿನಲ್ಲೂ ಸಿಗುತ್ತದಾ ಅಂತ ಕೇಳಿಕೊಳ್ಳಿ.

ಡಿಕ್ಕಿಯಲ್ಲಿ ಏನಿರಬೇಕು

ದಾರಿಯಲ್ಲಿ ಎಲ್ಲೂ ಸಿಗದ್ದು ಮತ್ತು ಅದಿಲ್ಲದೆ ಕಾರು ಓಡದ್ದು, ಈ ಎರಡೂ ಸೇರುವ ಸಾಮಾನು ಮಾತ್ರ ಇಟ್ಟುಕೊಳ್ಳಿ: ರಿಲೇ, ಇಗ್ನೈಟರ್, ಬೆಲ್ಟ್, ಫ್ಯೂಸ್, ನಿಮ್ಮ ಕಾರಿನದೇ ಅಳತೆಯ ಒಂದು ರೇಡಿಯೇಟರ್ ಹೋಸ್, ಕ್ಲಿಪ್ಪು. ಜೊತೆಗೆ ಒಂದು ಲೀಟರ್ ಆಯಿಲ್, ಬೆರೆಸಿಟ್ಟ ಎರಡು ಲೀಟರ್ ಕೂಲೆಂಟ್, ಟಯರ್ ಪಂಪ್, ಟಾರ್ಚ್, ಟೋ ಹಗ್ಗ, ಎಳೆಯುವ ಕೊಕ್ಕೆ. ಅಲಾಯ್‌ಗೆ ಲಾಕ್ ನಟ್ಟು ಇದ್ದರೆ ಅದರ ಕೀಲಿ. ಅದನ್ನು ಮರೆತರೆ ಪಂಕ್ಚರ್ ಅಂಗಡಿಯವರೂ ಏನೂ ಮಾಡಲಾಗುವುದಿಲ್ಲ.

ಹೊರಟ ಮೇಲೆ

ಬೆಂಗಳೂರನ್ನು ಟ್ರಾಫಿಕ್ ತುಂಬುವ ಮುಂಚೆ ಹಿಡಿಯುವಷ್ಟು ಬೇಗ ಹೊರಡಿ. ಒಂದೇ ದಿನದಲ್ಲಿ ಕನ್ಯಾಕುಮಾರಿ ಮುಟ್ಟುವ ಹಟ ಬೇಡ. ಸೇಲಂ ಅಥವಾ ಮಧುರೈನಲ್ಲಿ ರಾತ್ರಿ ಉಳಿಯಿರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರ್ ನೋಡಿ, ಮೂಸಿ ನೋಡಿ. ಕೂಲೆಂಟ್ ಸೋರಿದರೆ ಸಿಹಿ ವಾಸನೆ, ಪೆಟ್ರೋಲ್ ವಾಸನೆ ಬಂದರೆ ಅಲ್ಲೇ ಇಂಜಿನ್ ಆಫ್.

ಮುಳ್ಳು ಮಾಮೂಲಿ ಜಾಗದಿಂದ ಮೇಲೇರಿದರೆ ಮೊದಲು ಎಸಿ ಆಫ್, ಹೀಟರ್ ಫುಲ್. ಒಳಗೆ ಸೆಕೆ ಆಗುತ್ತದೆ, ಆದರೆ ಇಂಜಿನ್ನಿನ ಬಿಸಿ ಅಷ್ಟು ಹೊರಬರುತ್ತದೆ. ಇಳಿಯದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ಬಿಸಿ ಇರುವಾಗ ಕ್ಯಾಪ್ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಹೆದ್ದಾರಿಯಲ್ಲಿ ನೆರವಿಗೆ 1033, ತುರ್ತಿಗೆ 112.

ಉಳಿದುಕೊಂಡ ಊರಿನಲ್ಲಿ ಬೆಳಗ್ಗೆ ಕೀ ತಿರುಗಿಸುವ ಮುಂಚೆ ಆಯಿಲ್ ಕಡ್ಡಿ ಎಳೆದು ನೋಡಿ, ಕೂಲೆಂಟ್ ಬಾಟಲಿ ನೋಡಿ, ಕಾರಿನ ಕೆಳಗೆ ಬಗ್ಗಿ ನೋಡಿ. ಐದು ನಿಮಿಷದ ಕೆಲಸ. ವಾಪಸ್ ಬರುವ ದಿನವೂ ಇದನ್ನೇ ಮಾಡಿ, ಏಕೆಂದರೆ ಆ ಹೊತ್ತಿಗೆ ಕಾರು ಆಗಲೇ 900 ಕಿಲೋಮೀಟರ್ ಓಡಿರುತ್ತದೆ, ತೊಪ್ಪೂರಿನ ಏರು ಇನ್ನೂ ಮುಂದಿರುತ್ತದೆ.